ಜಪಾನಿನಿಂದ ಕಾಫಿ ನೋಡಲು ಬಂದವರು, ನಾವು ಕರೆಸಿದ ದುಭಾಷಿ

ಮಾದಾಪುರದ ಕಡೆ ನಮ್ಮದೊಂದು ಚಿಕ್ಕ ಕಾಫಿ ತೋಟ. ಅರೇಬಿಕಾ ಜಾಸ್ತಿ, ತಗ್ಗಿನಲ್ಲಿ ಸ್ವಲ್ಪ ರೋಬಸ್ಟಾ. ಕಳೆದ ಡಿಸೆಂಬರಿನಲ್ಲಿ ಜಪಾನಿನ ಒಂದು ಕಾಫಿ ಕಂಪನಿಯಿಂದ ಮೂವರು ಬಂದು ಎರಡು ದಿನ ಇದ್ದು ಹೋದರು. ಅವರಿಗಾಗಿ ಮೈಸೂರಿನಿಂದ ಒಬ್ಬ ದುಭಾಷಿಯನ್ನು ಕರೆಸಿದ್ದೆವು. ಮಾತು ಅನುವಾದ ಮಾಡುವುದರ ಜೊತೆಗೆ, ಜಪಾನಿನವರು ಬಂದಾಗ ನಾವು ಹೇಗೆ ನಡೆದುಕೊಳ್ಳಬೇಕು ಅಂತ ಹಿಂದಿನ ದಿನ ಅರ್ಧ ದಿನದ ಪಾಠವನ್ನೂ ಅವಳು ಮಾಡುತ್ತಾಳೆ. ಆ ಸೇವೆ ಹೇಗಿತ್ತು ಅಂತ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ನಮ್ಮ ಹಾಗೆ ನೇರವಾಗಿ ಹೊರದೇಶಕ್ಕೆ ಕಾಫಿ ಮಾರಲು ನೋಡುತ್ತಿರುವವರಿಗೆ ಉಪಯೋಗ ಆದೀತು. ಅವಳು ನನ್ನ ಮಗಳ ವಯಸ್ಸಿನವಳು, ಹಾಗಾಗಿ 'ಅವಳು' ಅಂತಲೇ ಬರೆಯುತ್ತೇನೆ. ಹೆಸರು, ನಂಬರ್ ಹಾಕುತ್ತಿಲ್ಲ. ಒಬ್ಬಳೇ ಮಾಡುವ ಕೆಲಸ, ಕೇಳದೆ ಹಾಕುವುದು ಸರಿಯಲ್ಲ.

ಮೊದಲು ದುಡ್ಡಿನ ವಿಷಯ. ಅರ್ಧ ದಿನದ ಪಾಠಕ್ಕೆ 6,000 ರೂಪಾಯಿ. ಜೊತೆಗಿದ್ದು ಅನುವಾದ ಮಾಡುವುದಕ್ಕೆ ದಿನಕ್ಕೆ 10,000. ಬಂದು ಹೋಗುವ ಖರ್ಚು ನಮ್ಮದು, ಊಟ ವಸತಿ ನಮ್ಮ ಮನೆಯಲ್ಲೇ. ಚಿಕ್ಕ ತೋಟದವರಿಗೆ ಇದು ಸಣ್ಣ ಮೊತ್ತ ಅಲ್ಲ. ನಮ್ಮ ಯಜಮಾನರು ಎರಡು ದಿನ ಯೋಚನೆ ಮಾಡಿದರು. ಕೊನೆಗೆ ಒಪ್ಪಿದ್ದು ಎರಡು ವರ್ಷದ ಹಿಂದೆ ನಮಗಾದ ನಷ್ಟ ನೆನಪಿದ್ದ ಕಾರಣಕ್ಕೆ.

ಆಗ ಬೇರೆ ಒಂದು ಕಂಪನಿಯಿಂದ ಇಬ್ಬರು ಬಂದಿದ್ದರು. ಅವರೂ ಜಪಾನಿನವರೇ. ನಮಗೆ ಇಂಗ್ಲಿಷ್ ಬರುತ್ತದೆ, ಅವರಿಗೂ ಅಷ್ಟಿಷ್ಟು ಬರುತ್ತದೆ, ಸಾಕಲ್ವಾ ಅಂದುಕೊಂಡೆವು. ಹತ್ತು ಗಂಟೆಗೆ ಬರುತ್ತೇವೆ ಅಂದಿದ್ದರು. ಭಾವ ಸುಂಟಿಕೊಪ್ಪದಿಂದ ಬಂದಾಗ ಹತ್ತೂ ನಲವತ್ತು. ಅವರು ಕೊಟ್ಟ ವಿಸಿಟಿಂಗ್ ಕಾರ್ಡಿನ ಹಿಂದೆ ಭಾವ ಅವರೆದುರಿಗೇ ಒಂದು ಫೋನ್ ನಂಬರ್ ಬರೆದುಕೊಂಡು, ಪ್ಯಾಂಟಿನ ಹಿಂದಿನ ಜೇಬಿಗೆ ಹಾಕಿಕೊಂಡು ಕೂತರು. ರೇಟ್ ಹೇಳಿದೆವು, ಎಷ್ಟು ಚೀಲ ಕೊಡಬಹುದು ಅಂತ ಹೇಳಿದೆವು. ಹೇಳಿದ್ದಕ್ಕೆಲ್ಲ ಅವರು 'ಹಾಯ್, ಹಾಯ್' ಅಂತ ತಲೆ ಆಡಿಸಿದರು. ಹಾಯ್ ಅಂದರೆ ಹೌದು ಅಂತ ನಮಗೆ ಯಾರೋ ಹೇಳಿಕೊಟ್ಟಿದ್ದರು. ವ್ಯಾಪಾರ ಕುದುರಿತು ಅಂತ ನಂಬಿ, ಊರಿನ ವ್ಯಾಪಾರಿ ಕೇಳಿದಾಗ ಕೊಡದೆ 40 ಚೀಲ ಹಿಡಿದಿಟ್ಟೆವು. ಆರ್ಡರ್ ಬರಲಿಲ್ಲ. ಮಾರ್ಚ್ ಹೊತ್ತಿಗೆ ರೇಟ್ ಇಳಿದಿತ್ತು. ಆ 40 ಚೀಲವನ್ನು ಕೊಟ್ಟ ದಿನ ಭಾವ ರಾತ್ರಿ ಊಟ ಮಾಡಲಿಲ್ಲ.

ಈ ಸಲ ಅವಳು ಬಂದ ಮಧ್ಯಾಹ್ನ ಎಲ್ಲರೂ ಜಗಲಿಯಲ್ಲಿ ಕೂತೆವು. ನಾನು, ಯಜಮಾನರು, ಭಾವ, ತೋಟದ ಲೆಕ್ಕಪತ್ರ ನೋಡುವ ರೈಟರ್, ಮೇಸ್ತ್ರಿ. ಅತ್ತೆ ಒಳಗಿನಿಂದಲೇ ಕೇಳುತ್ತಿದ್ದರು. ಅವಳು 14 ಪುಟದ ನೋಟ್ಸ್ ಪ್ರಿಂಟ್ ಹಾಕಿಸಿ ತಂದಿದ್ದಳು. ಇದು ನನ್ನ ಮೊದಲ ದೂರು. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅರ್ಧಕ್ಕರ್ಧ ಲಿಫ್ಟಿನಲ್ಲಿ ಯಾರು ಎಲ್ಲಿ ನಿಲ್ಲಬೇಕು, ಕಾನ್ಫರೆನ್ಸ್ ರೂಮಿನಲ್ಲಿ ಪ್ರೊಜೆಕ್ಟರ್ ಎಲ್ಲಿರಬೇಕು ಅನ್ನುವುದೇ. ಬಿಡದಿಯ ಒಂದು ಜಪಾನಿ ಕಂಪನಿಯಲ್ಲಿ ಆರು ವರ್ಷ ಕೆಲಸ ಮಾಡಿದವಳು, ಆ ಕಚೇರಿಗೆ ಮಾಡಿದ ನೋಟ್ಸ್ ಇರಬೇಕು. ಮೇಸ್ತ್ರಿ ಮೊದಲ ಪುಟ ನೋಡಿ ಮಡಚಿ ಇಟ್ಟರು. ಅವಳು ಅದನ್ನು ಗಮನಿಸಿದಳು. 'ಇದು ಬಿಡಿ, ಬಾಯಲ್ಲೇ ಹೇಳ್ತೀನಿ' ಅಂತ ಎದ್ದು ನಿಂತು, ನಮ್ಮ ಜಗಲಿಯನ್ನೇ ತೋರಿಸಿ ಶುರು ಮಾಡಿದಳು. ಆಮೇಲೆ ಪಾಠ ಚೆನ್ನಾಗಿ ನಡೆಯಿತು.

ಅವರಲ್ಲಿ ಕೂರುವ ಜಾಗಕ್ಕೆ ಮೇಲು ಕೆಳಗು ಇದೆ. ಬಾಗಿಲಿಗೆ ಅತಿ ದೂರದ ಜಾಗ 'ಕಾಮಿಜಾ', ಅದು ಅತಿಥಿಗಳಲ್ಲಿ ಹಿರಿಯರಿಗೆ. ಬಾಗಿಲ ಹತ್ತಿರದ್ದು 'ಶಿಮೊಜಾ', ಅಲ್ಲಿ ಕರೆದವರ ಪೈಕಿ ಕಿರಿಯರು. ಇದನ್ನು ಹೇಳಿದಾಗ ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು. ಅವರು ಕೊಡವರು. ಐನ್‌ಮನೆಯ, ಅಂದರೆ ಮನೆತನದ ಮೂಲಮನೆಯ, ಜಗಲಿ ಕೈಯಾಲೆಯಲ್ಲಿ ಐಮರದ ಹಲಗೆಯ ಮೇಲೆ ಹಿರಿಯರು ಕೂತಿರುವಾಗ ಹುಡುಗರು ಹೋಗಿ ಪಕ್ಕದಲ್ಲಿ ಕೂರುವುದಿಲ್ಲ, ಅದೇ ಲೆಕ್ಕ ಅಂದರು. ಹೆಸರಿನ ವಿಷಯದಲ್ಲೂ ಹಾಗೇ ಆಯಿತು. ಜಪಾನಿನಲ್ಲಿ ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಅಂತ ಫೀಲ್ಡ್ ಮಾರ್ಷಲ್ ಹೆಸರು ಹೇಳುವ ಊರಿನವರಿಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. ಕರೆಯುವಾಗ ಮನೆತನದ ಹೆಸರಿಗೆ 'ಸಾನ್' ಸೇರಿಸಬೇಕು, ನಮ್ಮ ಹೆಸರಿಗೆ ನಾವೇ ಸೇರಿಸಿಕೊಳ್ಳಬಾರದು. ಅಷ್ಟು ನೆನಪಿಟ್ಟುಕೊಂಡೆವು.

ಕಾರಿನಲ್ಲೂ ಕ್ರಮ ಇದೆ. ಡ್ರೈವರ್ ಇದ್ದರೆ ಅವನ ಹಿಂದಿನ ಸೀಟು ಹಿರಿಯರದು, ಮುಂದಿನ ಸೀಟು ಕಿರಿಯರದು. ಮನೆಯ ಯಜಮಾನನೇ ಓಡಿಸಿದರೆ ಅವನ ಪಕ್ಕದ ಸೀಟೇ ಹಿರಿಯರಿಗೆ. ಹಿಂದೆ ಎದುರುಬದುರು ಬೆಂಚಿರುವ ನಮ್ಮ ತೋಟದ ಜೀಪಿನಲ್ಲಿ ಏನು ಮಾಡಬೇಕು ಅಂತ ಕೇಳಿದಾಗ ಅವಳು ಸ್ವಲ್ಪ ಹೊತ್ತು ಯೋಚಿಸಿದಳು. ಭಾವ ಓಡಿಸುತ್ತಾರೆ, ಹಿರಿಯರು ಮುಂದೆ ಭಾವನ ಪಕ್ಕ. ಅಲ್ಲಿಗೆ ಮುಗಿಯಿತು.

ತಲೆ ಬಾಗಿಸುವುದನ್ನು ಕಲಿಸಲು ಹೆಚ್ಚುಕಡಿಮೆ ಒಂದು ಗಂಟೆ ತೆಗೆದುಕೊಂಡಳು. ಸಾಮಾನ್ಯವಾಗಿ 15 ಡಿಗ್ರಿ, ಗೌರವಕ್ಕೆ 30, ಕ್ಷಮೆ ಕೇಳುವಾಗ 45. ನನ್ನ ಅಭಿಪ್ರಾಯದಲ್ಲಿ ಆ ಗಂಟೆ ನಮಗೆ ಬೇಕಿರಲಿಲ್ಲ. ಮರುದಿನ ಅತ್ತೆ ಬಾಗಿಲಿಗೆ ಬಂದು ಸುಮ್ನೆ ಕೈ ಮುಗಿದರು. ಬಂದವರಲ್ಲಿ ಹಿರಿಯರು ಅದನ್ನು ನೋಡಿ, ನಾವು ಕಲಿತ ಯಾವ ಡಿಗ್ರಿಗಿಂತಲೂ ಕೆಳಗೆ ಬಾಗಿ ನಮಸ್ಕಾರ ಮಾಡಿದರು. ಬೇರೆ ಯಾರಾದರೂ ಅವಳನ್ನು ಕರೆಸಿದರೆ, ಆ ಒಂದು ಗಂಟೆಯನ್ನು ವಿಸಿಟಿಂಗ್ ಕಾರ್ಡಿಗೆ ಕೊಡಿ ಅಂತ ಕೇಳಿಕೊಳ್ಳಿ.

ಕಾರ್ಡಿನ ವಿಷಯ ಅಷ್ಟು ಮುಖ್ಯ. ಅದಕ್ಕೆ 'ಮೇಶಿ' ಅನ್ನುತ್ತಾರೆ. ನಿಂತುಕೊಂಡೇ ಕೊಡಬೇಕು, ಅಕ್ಷರ ತೆಗೆದುಕೊಳ್ಳುವವರ ಕಡೆ ಇರಬೇಕು. ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಹೆಸರಿನ ಮೇಲೆ ಬೆರಳು ಇಡಬಾರದು. ತೆಗೆದುಕೊಂಡ ಮೇಲೆ ಓದಬೇಕು, ನಿಜವಾಗಿ ಓದಬೇಕು. ಕೂತ ಮೇಲೆ ಮೇಜಿನ ಮೇಲೆ ಅವರು ಕೂತ ಸಾಲಿನಲ್ಲೇ ಜೋಡಿಸಿ, ಮಾತು ಮುಗಿಯುವವರೆಗೆ ಹಾಗೇ ಬಿಡಬೇಕು. ಹಿರಿಯರ ಕಾರ್ಡನ್ನು ಕಾರ್ಡ್ ಡಬ್ಬಿಯ ಮೇಲೆ ಇಡಬೇಕು. ಅದರ ಮೇಲೆ ಏನೂ ಬರೆಯಬಾರದು. ಇದನ್ನು ಹೇಳುವಾಗ ಭಾವ ತಲೆ ತಗ್ಗಿಸಿ ಕೂತಿದ್ದರು. ಎರಡು ವರ್ಷದ ಹಿಂದಿನ ಕಥೆ ನಾವು ಅವಳಿಗೆ ಹೇಳಿರಲಿಲ್ಲ. ಭಾವನೇ ಹೇಳಿದರು. ಅವಳು ನಗಲಿಲ್ಲ. 'ಅಣ್ಣ, ಅವರು ಅದಕ್ಕೆ ಆರ್ಡರ್ ಕೊಡಲಿಲ್ಲ ಅಂತಲ್ಲ. ಹಾಯ್ ಅಂದ್ರೆ ನೀವು ಹೇಳಿದ್ದು ಕೇಳಿಸ್ತಿದೆ ಅಂತ ಅಷ್ಟೇ. ಒಪ್ಪಿಗೆ ಅಂತ ಅಲ್ಲ' ಅಂದಳು. ಭಾವನಿಗೆ ಅದು ಎಷ್ಟು ಸಮಾಧಾನ ತಂದಿತು ಅಂತ ಅವರ ಮುಖದಲ್ಲೇ ಕಾಣುತ್ತಿತ್ತು.

ಇನ್ನೂ ಕೆಲವು ಹೇಳಿಕೊಟ್ಟಳು. 'ಚೊತ್ತೊ' ಅಂದರೆ 'ಸ್ವಲ್ಪ'. ಚೊತ್ತೊ ಅಂತ ಹೇಳಿ ಮಾತು ಅರ್ಧಕ್ಕೆ ನಿಲ್ಲಿಸಿದರೆ ಆಗುವುದಿಲ್ಲ ಅಂತ ಅರ್ಥ. ಪರಿಶೀಲಿಸುತ್ತೇವೆ ಅಂದರೂ ಬಹಳ ಸಲ ಅದೇ. ನಾವು ಕೂಡ 'ನೋಡೋಣ, ಹೇಳ್ತೀನಿ' ಅಂತ ಹೇಳಿ ಕಳಿಸುತ್ತೇವಲ್ಲ, ಹಾಗೆ. 'ನೆಮಾವಾಶಿ' ಅನ್ನುವ ಪದ ನನಗೆ ತುಂಬ ಹಿಡಿಸಿತು. ಒಂದು ನಿರ್ಧಾರಕ್ಕೆ ಬರುವ ಮೊದಲು ಕಂಪನಿಯಲ್ಲಿ ಸಂಬಂಧಪಟ್ಟ ಎಲ್ಲರ ಹತ್ತಿರ ಮೊದಲೇ ಮಾತಾಡಿ ಒಪ್ಪಿಸಿಟ್ಟುಕೊಳ್ಳುವುದು. ಮೂಲದಲ್ಲಿ ಅದು ತೋಟಗಾರಿಕೆಯ ಮಾತಂತೆ. ದೊಡ್ಡ ಮರವನ್ನು ಕಿತ್ತು ಬೇರೆ ಕಡೆ ನೆಡುವ ಮೊದಲು ಬುಡದ ಸುತ್ತ ಅಗೆದು ಬೇರುಗಳನ್ನು ಸಿದ್ಧ ಮಾಡುವುದು. ತೋಟದವರಾದ ನಮಗೆ ಇದಕ್ಕಿಂತ ಚೆನ್ನಾಗಿ ವಿವರಿಸಲು ಆಗುತ್ತಿರಲಿಲ್ಲ. ಅಂದರೆ ಎದುರಿಗೆ ಕೂತವರು ಅಲ್ಲೇ ಹೌದು ಅನ್ನುವುದಿಲ್ಲ, ಅವಸರ ಮಾಡಿದರೆ ಬೇರು ಕತ್ತರಿಸಿದ ಹಾಗೆ.

ಮರುದಿನ ಒಂಬತ್ತೂವರೆಗೆ ಬರುವುದು ಅಂತ ಇತ್ತು. ಒಂಬತ್ತೂ ಕಾಲಿಗೇ ಗೇಟಿನ ಹತ್ತಿರ ಕಾರು ನಿಂತಿದೆ ಅಂತ ಹುಡುಗ ಓಡಿ ಬಂದು ಹೇಳಿದ. ಯಜಮಾನರು ಕರೆತರಲು ಹೊರಟರು. ಅವಳು ತಡೆದಳು. ಬೇಗ ಬಂದು ಮನೆಯವರಿಗೆ ತೊಂದರೆ ಕೊಡಬಾರದು ಅಂತ ಅಲ್ಲಿ ಕಾಯುತ್ತಿದ್ದಾರೆ, ಒಂಬತ್ತೂ ಇಪ್ಪತ್ತೈದಕ್ಕೆ ಅವರೇ ಬರುತ್ತಾರೆ ಅಂದಳು. ಹಾಗೇ ಆಯಿತು. ಮೂವರು. ಅರವತ್ತರ ಆಸುಪಾಸಿನ ಹಿರಿಯರು, ಕಾಫಿ ರುಚಿ ನೋಡುವ ಒಬ್ಬ ಹೆಂಗಸು, ಇಪ್ಪತ್ತೈದರ ಒಬ್ಬ ಹುಡುಗ. ಶೂ ಬಿಚ್ಚಿ ಒಳಗೆ ಬಂದ ಮೇಲೆ ಆ ಹುಡುಗ ಮೆಟ್ಟಿಲ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಮೂರು ಜೊತೆ ಶೂಗಳನ್ನೂ ಹೊರಮುಖ ಮಾಡಿ ಸಾಲಾಗಿ ಇಟ್ಟ. ಪಕ್ಕದಲ್ಲಿದ್ದ ನಮ್ಮ ಮೇಸ್ತ್ರಿಯ ಚಪ್ಪಲಿಯನ್ನೂ ತಿರುಗಿಸಿಟ್ಟ. ಅತ್ತೆ ಆ ದಿನ ಎಷ್ಟು ಜನಕ್ಕೆ ಇದನ್ನು ಹೇಳಿದರೋ ಲೆಕ್ಕವಿಲ್ಲ.

ಕಾರ್ಡ್ ಕೊಡುವಾಗ ಭಾವನ ಕೈ ಸ್ವಲ್ಪ ನಡುಗುತ್ತಿತ್ತು. ಆದರೆ ಎರಡೂ ಕೈ ಚಾಚಿದರು, ಓದಿದರು, ಮನೆತನದ ಹೆಸರಿಗೆ ಸಾನ್ ಸೇರಿಸಿ ಗಟ್ಟಿಯಾಗಿ ಹೇಳಿದರು. ಹಿರಿಯರು ಉಚ್ಚಾರ ಸರಿ ಇದೆ ಅನ್ನುವ ಹಾಗೆ ನಕ್ಕರು.

ಅನುವಾದದಲ್ಲಿ ಆದ ತೊಡಕನ್ನೂ ಹೇಳಬೇಕು. ಅವಳಿಗೆ ಭಾಷೆ ಚೆನ್ನಾಗಿ ಬರುತ್ತದೆ, ಕಾಫಿ ಗೊತ್ತಿಲ್ಲ. ಕಣದಲ್ಲಿ ಭಾವ 'ಇದು ಪಾರ್ಚ್‌ಮೆಂಟ್' ಅಂದರು. ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ಒಳಗಿನ ತೆಳು ಹೊಟ್ಟಿನ ಜೊತೆ ಒಣಗಿಸಿದ ಕಾಫಿ. ಅವಳು ಡಿಕ್ಷನರಿಯ ಅರ್ಥ ಹಿಡಿದು, ಹಿಂದಿನ ಕಾಲದಲ್ಲಿ ಬರೆಯಲು ಬಳಸುತ್ತಿದ್ದ ಕುರಿಚರ್ಮದ ಹಾಳೆ ಅನ್ನುವ ಪದ ಹೇಳಿಬಿಟ್ಟಳು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಕಾಫಿ ವ್ಯಾಪಾರದಲ್ಲಿ ಅವರೂ ಪಾರ್ಚ್‌ಮೆಂಟ್ ಅಂತಲೇ ಅನ್ನುತ್ತಾರಂತೆ, ಹಾಗೇ ಬಿಟ್ಟಿದ್ದರೆ ಸಾಕಿತ್ತು. ಇದಕ್ಕಿಂತ ದೊಡ್ಡ ಗೊಂದಲ ಆಗಿದ್ದು 'ಚೆರಿ' ಅನ್ನುವ ಪದದಿಂದ. ನಮ್ಮಲ್ಲಿ ಚೆರಿ ಅಂದರೆ ಹಣ್ಣನ್ನು ಸಿಪ್ಪೆ ಸಮೇತ ಒಣಗಿಸಿದ ಕಾಫಿ. ಹೊರದೇಶದವರಿಗೆ ಚೆರಿ ಅಂದರೆ ಗಿಡದಲ್ಲಿರುವ ಕೆಂಪು ಹಣ್ಣು, ನಮ್ಮ ಚೆರಿಗೆ ಅವರು 'ನ್ಯಾಚುರಲ್' ಅನ್ನುತ್ತಾರೆ. ಚೆರಿಯ ತೇವಾಂಶ ಶೇಕಡ 11 ಅಂತ ಭಾವ ಹೇಳಿದಾಗ, ಹಣ್ಣಿನಲ್ಲಿ ಅಷ್ಟು ಕಡಿಮೆ ನೀರು ಹೇಗೆ ಅಂತ ಅವರಿಗೆ ಅನುಮಾನ. ಕಾಲು ಗಂಟೆ ಹೀಗೇ ಹೋಯಿತು. ಕೊನೆಗೆ ರೈಟರ್ ಒಂದು ಕೈಯಲ್ಲಿ ಹಣ್ಣು, ಒಂದು ಕೈಯಲ್ಲಿ ಒಣಗಿದ್ದು ಹಿಡಿದು ತೋರಿಸಿದಾಗ ಬಗೆಹರಿಯಿತು. ಕಾಫಿಯ ಪದಗಳನ್ನು ಮೊದಲೇ ಕೇಳಿ ಬರೆದುಕೊಳ್ಳಬೇಕಿತ್ತು. ಅದು ಅವಳ ತಪ್ಪು, ಪಟ್ಟಿ ಕಳಿಸದ್ದು ನಮ್ಮದೂ ತಪ್ಪು.

ದಾಖಲೆಯ ವಿಷಯದಲ್ಲಿ ಅವಳ ಸಲಹೆ ತುಂಬ ಬೆಲೆಬಾಳುವಂಥದ್ದು. ಜಪಾನಿನಲ್ಲಿ 2006ರ ಮೇ ತಿಂಗಳಿಂದ ಆಹಾರದಲ್ಲಿ ಉಳಿಯುವ ಕೀಟನಾಶಕಕ್ಕೆ ಬಿಗಿಯಾದ ನಿಯಮ ಇದೆ. ಬೇರೆ ಮಿತಿ ಗೊತ್ತುಮಾಡದ ಔಷಧಿಗೆ 0.01 ಪಿಪಿಎಂ, ಅಂದರೆ ಒಂದು ಕಿಲೋದಲ್ಲಿ ಒಂದು ಮಿಲಿಗ್ರಾಂನ ನೂರನೇ ಒಂದು ಭಾಗ. ಅದಕ್ಕಿಂತ ಜಾಸ್ತಿ ಸಿಕ್ಕರೆ ಆ ಸರಕನ್ನು ಅಲ್ಲಿ ಮಾರುವ ಹಾಗಿಲ್ಲ. ಹಿಂದಿನ ಸಲ ಕೇಳಿದಾಗ 'ನಾವೇನೂ ಜಾಸ್ತಿ ಹೊಡೆಯುವುದಿಲ್ಲ' ಅಂದಿದ್ದೆವು. ಈ ಸಲ ಅವಳು ಮೂರು ವರ್ಷದ ಸ್ಪ್ರೇ ರಿಜಿಸ್ಟರ್ ಮೇಜಿನ ಮೇಲೆ ಇಡಿಸಿದಳು. ಅದರಲ್ಲಿ ಒಂದು ತಿಂಗಳ ಪುಟ ಇರಲಿಲ್ಲ, ಮಳೆಯಲ್ಲಿ ನೆನೆದು ಹರಿದಿತ್ತು. ಮುಚ್ಚಿಡಬೇಡಿ, ಅವರು ಕೇಳುವ ಮೊದಲೇ ನೀವು ಹೇಳಿ ಅಂದಳು. ರೈಟರ್ ಎದ್ದು ನಿಂತು ಹೇಳಿದರು. ಅಂಗಡಿಯ ಬಿಲ್ ಇದೆ, ಏನು ತಂದಿದ್ದೆವು ಅಂತ ಅದರಲ್ಲಿ ನೋಡಬಹುದು ಅಂದರು. ಆ ಹೆಂಗಸು ಬಿಲ್ಲಿನ ಫೋಟೋ ತೆಗೆದುಕೊಂಡು, ರೈಟರ್ ಕಡೆ ತಿರುಗಿ ತಲೆ ಬಾಗಿಸಿದರು.

ಮಧ್ಯಾಹ್ನದ ಮಾತುಕತೆಯೇ ಇಡೀ ಭೇಟಿಯ ಜೀವ. ಅವಳೂ ಭಾವನೂ ಹಿಂದಿನ ರಾತ್ರಿ ಒಂದು ಗುರುತು ಮಾಡಿಕೊಂಡಿದ್ದರು. ಅವಳು ಪೆನ್ನನ್ನು ನೋಟ್‌ಬುಕ್ಕಿನ ಮೇಲೆ ಅಡ್ಡ ಇಟ್ಟರೆ ನಾವು ಯಾರೂ ಮಾತಾಡಬಾರದು. ಭಾವ ಕಿಲೋಗೆ ಇಷ್ಟು ಅಂತ ರೇಟ್ ಹೇಳಿದರು. ಹಿರಿಯರು 'ಹಾಯ್' ಅಂದರು. ಆಮೇಲೆ ಸುಮ್ಮನಾದರು. ಕಣ್ಣು ಅರ್ಧ ಮುಚ್ಚಿ, ಎದುರಿಗಿದ್ದ ಪಾರ್ಚ್‌ಮೆಂಟಿನ ಒಂದು ಕಾಳನ್ನು ಬೆರಳಲ್ಲಿ ಉರುಳಿಸುತ್ತಾ ಕೂತರು. ಅವಳು ಪೆನ್ನನ್ನು ಅಡ್ಡ ಇಟ್ಟಳು. ಹೊರಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುವ ಸದ್ದು ಬಿಟ್ಟರೆ ಏನೂ ಇಲ್ಲ. ಭಾವನ ಮೊಣಕಾಲು ಮೇಜಿನ ಕೆಳಗೆ ಅಲ್ಲಾಡುತ್ತಿದ್ದುದು ನನಗೆ ಕಾಣುತ್ತಿತ್ತು. ನಮ್ಮ ಕಡೆ ವ್ಯಾಪಾರಿ ಹೀಗೆ ಸುಮ್ಮನಾದರೆ ರೇಟ್ ಜಾಸ್ತಿ ಆಯಿತು ಅಂತಲೇ ಅರ್ಥ, ನಾವೇ ಐದೋ ಹತ್ತೋ ಇಳಿಸುತ್ತೇವೆ. ಭಾವ ಬಾಯಿ ತೆರೆದರು, ಪೆನ್ನು ನೋಡಿ ಮುಚ್ಚಿದರು. ನನ್ನ ಲೆಕ್ಕದಲ್ಲಿ ಒಂದು ನಿಮಿಷಕ್ಕೂ ಜಾಸ್ತಿ. ಆಮೇಲೆ ಹಿರಿಯರು ತಲೆ ಎತ್ತಿ ಕೇಳಿದ್ದು ರೇಟಿನ ಬಗ್ಗೆ ಅಲ್ಲವೇ ಅಲ್ಲ. ನೆಲದ ಕಣದ ಬದಲು ಎತ್ತರದ ಮಂಚದ ಮೇಲೆ, ನೆರಳಲ್ಲಿ ನಿಧಾನ ಒಣಗಿಸಿದರೆ ಎಷ್ಟು ದಿನ ಬೇಕು ಅಂತ. ಅವರು ಅಷ್ಟು ಹೊತ್ತು ಯೋಚಿಸುತ್ತಿದ್ದುದು ಅದನ್ನೇ. ಅವಳಿಗೆ ಕೊಟ್ಟ ಪೂರ್ತಿ ದುಡ್ಡು ಆ ಒಂದು ನಿಮಿಷಕ್ಕೆ ಅಂತ ಹೇಳಿದರೂ ನನಗೆ ಒಪ್ಪಿಗೆ.

ಊಟ ಅತ್ತೆಯದು. ಕಡುಬು, ನೂಲ್‌ಪುಟ್ಟು, ಕೋಳಿ ಸಾರು, ಕಾಚಂಪುಳಿ ಅನ್ನುವ ಹುಳಿ ಹಾಕಿದ ಪಂದಿ (ಹಂದಿ) ಕರಿ. ಯಾರಿಗೆ ಏನು ಆಗುವುದಿಲ್ಲ ಅಂತ ಅವಳು ವಾರದ ಮೊದಲೇ ಮೇಲ್ ಬರೆದು ಕೇಳಿದ್ದಳು. ತಿನ್ನುವ ಮೊದಲು ಮೂವರೂ ಕೈ ಜೋಡಿಸಿ 'ಇತಾದಾಕಿಮಾಸು' ಅಂದರು. ಸಂಜೆ ಕುಡಿಯುವಾಗ ತಮ್ಮ ಲೋಟಕ್ಕೆ ತಾವೇ ಹಾಕಿಕೊಳ್ಳುವುದಿಲ್ಲ, ಒಬ್ಬರಿಗೊಬ್ಬರು ಹಾಕುತ್ತಾರೆ. ಸಾಕು ಅನ್ನಿಸಿದರೆ ಲೋಟ ತುಂಬಿದ್ದನ್ನು ಹಾಗೇ ಬಿಡುತ್ತಾರೆ.

ಉಡುಗೊರೆಗೆ ಭಾವ ನಾಲ್ಕು ಪ್ಯಾಕೆಟ್ ಹಿಡಿಯುವ ಡಬ್ಬಿ ಮಾಡಿಸಿದ್ದರು. ನಾಲ್ಕಕ್ಕೆ ಅವರ ಭಾಷೆಯಲ್ಲಿರುವ 'ಶಿ' ಅನ್ನುವ ಶಬ್ದವೇ ಸಾವಿಗೂ ಇದೆ. ಅವಳು ಒಂದು ತೆಗೆಸಿ ಮೂರು ಮಾಡಿಸಿದಳು. ಒಂಬತ್ತೂ ಬೇಡ, ಅದಕ್ಕಿರುವ 'ಕು' ಅನ್ನುವ ಶಬ್ದಕ್ಕೆ ಕಷ್ಟ ಅಂತಲೂ ಅರ್ಥ. ಪಂದಿ ಕರಿ ಕಟ್ಟಿಕೊಡಬೇಕು ಅಂತ ಅತ್ತೆಗೆ ಬಹಳ ಆಸೆ ಇತ್ತು. ಮಾಂಸದ ಪದಾರ್ಥ ಹೀಗೆ ಜಪಾನಿಗೆ ಒಯ್ಯುವ ಹಾಗಿಲ್ಲ, ಕಿತ್ತಳೆಯನ್ನೂ ಸುಮ್ನೆ ಬ್ಯಾಗಿನಲ್ಲಿ ಹಾಕಿಕೊಂಡು ಹೋಗುವ ಹಾಗಿಲ್ಲ. ಹುರಿದ ಕಾಫಿ ಕೊಟ್ಟೆವು.

ಎರಡನೇ ದಿನ ಮಡಿಕೇರಿಗೆ ಹೋದೆವು. ಜನರಲ್ ತಿಮ್ಮಯ್ಯ ಅವರ ಮನೆ 'ಸನ್ನಿ ಸೈಡ್' ಈಗ ಮ್ಯೂಸಿಯಂ, 2021ರಲ್ಲಿ ಶುರುವಾಗಿದ್ದು. ತೋರಿಸಬೇಕು ಅಂತ ಭಾವನಿಗೆ ಆಸೆ. ತಿಮ್ಮಯ್ಯನವರು ಬರ್ಮಾದಲ್ಲಿ ಜಪಾನಿ ಸೇನೆಯ ವಿರುದ್ಧವೇ ಹೋರಾಡಿದವರು, ಯುದ್ಧ ಮುಗಿದ ಮೇಲೆ ಜಪಾನಿಗೆ ಹೋದ ಭಾರತದ ಬ್ರಿಗೇಡಿನ ನಾಯಕ. ಬೇಡ ಅಂತ ಅವಳು ಹೇಳಲಿಲ್ಲ. ಕಾರ್ಯಕ್ರಮದ ಪಟ್ಟಿಯಲ್ಲಿ ಹಾಕಬೇಡಿ, ಅವರಾಗಿ ಕೇಳಿದರೆ ಕರೆದುಕೊಂಡು ಹೋಗೋಣ ಅಂದಳು. ದಾರಿಯಲ್ಲಿ ಬೋರ್ಡ್ ನೋಡಿ ಹಿರಿಯರೇ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅವರು ಒಂದು ಗಂಟೆ ಒಳಗೆ ಓಡಾಡಿದರು. ಹೊರಗೆ ಬಂದು ಫೋಟೋಗೆ ನಿಲ್ಲುವ ಮೊದಲು ಮನೆಯ ಕಡೆ ತಿರುಗಿ ಒಮ್ಮೆ ತಲೆ ಬಾಗಿಸಿದರು. ಎಲ್ಲಿ ಮೊದಲೇ ಹೇಳಬೇಕು, ಎಲ್ಲಿ ಕಾಯಬೇಕು ಅನ್ನುವ ಅವಳ ಅಂದಾಜು ಎರಡೂ ದಿನ ಒಂದು ಸಲವೂ ತಪ್ಪಲಿಲ್ಲ.

ಅವರು ಹೋದ ಮರುದಿನವೇ ಧನ್ಯವಾದದ ಮೇಲ್ ಹೋಗಬೇಕು ಅಂತ ಹೇಳಿ ಅವಳೇ ಜಪಾನಿ ಭಾಷೆಯಲ್ಲಿ ಬರೆದು ಕಳಿಸಿದಳು. ಅದಕ್ಕೆ 1,500 ರೂಪಾಯಿ ಬೇರೆ ಅಂತ ಬಿಲ್ಲಿನಲ್ಲಿ ನೋಡಿದಾಗಲೇ ನಮಗೆ ಗೊತ್ತಾಗಿದ್ದು. ಮೊದಲೇ ಹೇಳಬೇಕಿತ್ತು. ಕರೆಸುವವರು ಎಲ್ಲವನ್ನೂ ಸೇರಿಸಿ ಎಷ್ಟು ಅಂತ ಕೇಳಿ ಬರೆಸಿಕೊಳ್ಳಿ. ಮೂರು ವಾರ ಮೊದಲು ಹೇಳಿದರೆ ಒಳ್ಳೆಯದು, ಡಿಸೆಂಬರ್ ಜನವರಿಯಲ್ಲಿ ಅವಳು ಸಿಗುವುದು ಕಷ್ಟ.

ಆರ್ಡರ್ ಕೂಡಲೇ ಬರಲಿಲ್ಲ. ಮೊದಲು ಎರಡು ಕಿಲೋ ಸ್ಯಾಂಪಲ್ ಕೇಳಿದರು. ಆಮೇಲೆ 23 ಪ್ರಶ್ನೆಗಳ ಒಂದು ಪಟ್ಟಿ ಬಂತು. ಬೇರು ಬಿಡಿಸುತ್ತಿದ್ದಾರೆ ಅಂತ ಮನೆಯಲ್ಲಿ ಹೇಳಿಕೊಂಡೆವು. ಏಪ್ರಿಲಿನಲ್ಲಿ ಮಂಚದ ಮೇಲೆ ಒಣಗಿಸಿದ ಕಾಫಿಗೆ 60 ಕಿಲೋದ ಐದು ಚೀಲದ ಆರ್ಡರ್ ಬಂತು. ಭಾವ ಹೇಳಿದ ರೇಟಿಗೇ.

ಬರುವ ಡಿಸೆಂಬರಿಗೆ ಅವರು ಮತ್ತೆ ಬರುತ್ತಾರೆ. ಅವಳಿಗೆ ಈಗಲೇ ಹೇಳಿಟ್ಟಿದ್ದೇವೆ. ರೈಟರ್ ಕಾಫಿಯ ಪದಗಳನ್ನೆಲ್ಲ ಬರೆದು ಕಳಿಸಿದ್ದಾರೆ, ಚೆರಿಯಿಂದ ಶುರು ಮಾಡಿ ಮೂರು ಪುಟ. ಅವಳು ಒಂದು ದಿನ ಮೊದಲೇ ಬಂದು ಪಲ್ಪಿಂಗ್ ನೋಡುತ್ತೇನೆ, ಆ ದಿನಕ್ಕೆ ದುಡ್ಡು ಬೇಡ ಅಂದಿದ್ದಾಳೆ. ಅತ್ತೆ ಒಪ್ಪಿಲ್ಲ.